ಕರಗುವ ಗಂಟಿನ ಕ್ಷೇತ್ರಗಣಿತ

ಹದಿನಾರು ಮಂದಿ ನುರಿತ ಕ್ಯಾನ್ಸರ್ ವೈದ್ಯರು. ಅವರ ಮುಂದೊಂದು ಹಾಸಿಗೆ. ಅದರ ಮೇಲೆ ಹನ್ನೆರಡು ಗಟ್ಟಿ ಗುಂಡುಗಳು, ಗುಂಡುಗಳ ಮೇಲೆ ಫೋಮಿನ ಮೆತ್ತನೆಯ ಹೊದಿಕೆ. ಬೆರಳಿನಿಂದ ತಡವಬೇಕು, ಒತ್ತಬೇಕು, ಗುಂಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಚರ್ಮದ ಮೇಲಿನಿಂದ ಗುರುತಿಸಿದ ಹಾಗೆಯೇ ಗುರುತಿಸಬೇಕು, ದಿನಾ ಬಳಸುವ ಅಳತೆಪಟ್ಟಿಯಲ್ಲೋ ಕ್ಯಾಲಿಪರಿನಲ್ಲೋ ಅಳೆದು ಬರೆದಿಡಬೇಕು. ಅಮೆರಿಕದ ಮೋರ್ಟೆಲ್ ಮತ್ತು ಹ್ಯಾನ್ಲೀ 1976ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಇದರ ಚತುರತೆ ನೆನೆದಾಗಲೆಲ್ಲ ನನ್ನ ಮುಖ ಅರಳುತ್ತದೆ. ಏಕೆಂದರೆ ಆ ಹನ್ನೆರಡರಲ್ಲಿ ಎರಡು ಜೋಡಿ ಗುಂಡುಗಳು ಒಂದೇ ಗಾತ್ರದವು, ಮತ್ತು ಅಳೆಯುವವರಿಗೆ ಅದು ಗೊತ್ತಿಲ್ಲ.

ಮೆಲ್ಲಗೆ ಯೋಚಿಸಿ ನೋಡಿ. ಒಂದೇ ಗಾತ್ರದ ಎರಡು ಗುಂಡುಗಳಿಗೆ ಎರಡು ಬೇರೆ ಅಳತೆ ಬಂತೆಂದರೆ, ಔಷಧದ ಹನಿಯೂ ಬೀಳದೆ ಗಂಟು 'ಇಳಿದು'ಬಿಟ್ಟಿತು! ಉದ್ದ ಅಗಲಗಳ ಗುಣಲಬ್ಧ ಕಾಲುಭಾಗ ಇಳಿದರೆ ಸಾಕು, ಚಿಕಿತ್ಸೆ ಫಲಿಸಿತು ಎಂದು ಒಪ್ಪಿಕೊಂಡರೆ, ಸುಮಾರು ನಾಲ್ಕೈದು ಸಲಕ್ಕೊಮ್ಮೆ ಬರೀ ಕೈತಪ್ಪಿನಿಂದಲೇ ಫಲ ಕಾಣಿಸಿಕೊಳ್ಳುತ್ತಿತ್ತು. ಅರ್ಧದಷ್ಟು ಇಳಿಯಲೇಬೇಕು ಎಂದರೆ ಆ ಮೋಸ ನೂರಕ್ಕೆ ಏಳೆಂಟಕ್ಕೆ ಬಂದು ನಿಲ್ಲುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 1979ರಲ್ಲಿ ತಂದ ಕೈಪಿಡಿಯಲ್ಲೂ ಇದೇ ಅರ್ಧದ ಗೆರೆಯಿದೆ: ಎರಡು ಅಡ್ಡಳತೆಗಳನ್ನು ಗುಣಿಸಿ, ಅದು ಅರ್ಧಕ್ಕಿಳಿದರೆ 'ಭಾಗಶಃ ಫಲ'. ಮನುಷ್ಯನ ಬೆರಳು ಎಷ್ಟು ತಪ್ಪಬಲ್ಲದು ಎಂಬುದನ್ನು ಮೊದಲು ಅಳೆದು, ಆಮೇಲೆ ರೋಗವನ್ನು ಅಳೆಯಲು ಹೊರಡುವ ಈ ವಿನಯವಿದೆಯಲ್ಲ, ಅಳತೆಯೆಂಬ ವಿದ್ಯೆಯಲ್ಲಿ ಇದಕ್ಕಿಂತ ಸೊಗಸಾದದ್ದು ಬೇರೆ ಏನಿದೆ!

ನಾನು ಬೆಣ್ಣೆಹಳ್ಳದ ದಂಡೆಯ ಯಮನೂರಿನವನು, ಮಕ್ಕಳಿಗೆ ಗಣಿತ ಕಲಿಸಿದ ಮಾಸ್ತರ. ವೈದ್ಯನಲ್ಲ. ನಮ್ಮ ಕಡೆಯವರಿಗೆ ಈ ರೋಗ ಬಂತೆಂದರೆ ಚಾಂಗದೇವನಿಗೆ, ರಾಜಾಬಾಗಸವಾರನಿಗೆ ಕೈಮುಗಿದು ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ನವನಗರದ ಕ್ಯಾನ್ಸರ್ ದವಾಖಾನೆಯಲ್ಲಿ ಕಿಮೋ ಸಲಾಯಿನ್ ಏರಿಸಿಕೊಂಡು, ವಿಕಿರಣದ 'ಕರೆಂಟ್' ಕೊಡಿಸಿಕೊಂಡು ಬರುತ್ತಾರೆ. ಬರುವಾಗ ಕಂಕುಳಲ್ಲಿ ಫಿಲ್ಮಿನ ದೊಡ್ಡ ಲಕೋಟೆ, ಅದರೊಳಗೆ ಇಂಗ್ಲಿಷಿನ ರಿಪೋರ್ಟು. "ಮಾಸ್ತರ್, ಡಾಕ್ಟರ್ ಏನೋ ಹೇಳಿದ್ರು, ತಿಳಿಲಿಲ್ರಿ. ಗಂಟು ಎಷ್ಟ ಇಳದೈತಿ ನೋಡ್ರಿ" ಎಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂರುತ್ತಾರೆ. ಮಿಲಿಮೀಟರುಗಳನ್ನು ಓದಿ ಹೇಳುತ್ತ ಹೇಳುತ್ತ, ಆ ಅಂಕಿಗಳ ಹಿಂದಿನ ಕಸುಬಿನ ರುಚಿ ನನಗೆ ಹತ್ತಿತು.

ಮೊದಲ ರುಚಿ ಮಿತವ್ಯಯದ್ದು. 2000ದ ಫೆಬ್ರವರಿಯಲ್ಲಿ ಯುರೋಪು, ಅಮೆರಿಕ, ಕೆನಡಾದ ತಜ್ಞರು ಕೂಡಿ ರೆಸಿಸ್ಟ್ ಎಂಬ ನಿಯಮಾವಳಿ ಪ್ರಕಟಿಸಿದರು. ಎರಡು ಅಡ್ಡಳತೆಗಳ ಗುಣಾಕಾರ ಬೇಡ, ಒಂದೇ ಗೆರೆ ಸಾಕು ಎಂದರು. ಗಂಟಿನ ಅತಿ ಉದ್ದದ ಅಡ್ಡಳತೆ ಹಿಡಿ. ಹಲವು ಗಂಟುಗಳಿದ್ದರೆ ಅವುಗಳ ಉದ್ದಗಳನ್ನು ಕೂಡು. ಮೊತ್ತ ನೂರಕ್ಕೆ 30ರಷ್ಟು ಇಳಿದರೆ ಫಲ, ಅತಿ ಕಡಿಮೆಯಿದ್ದ ಮಟ್ಟದಿಂದ 20ರಷ್ಟು ಏರಿದರೆ ರೋಗ ಮುಂದುವರಿದಿದೆ. 2009ರ ಪರಿಷ್ಕರಣೆ ಅದನ್ನು ಇನ್ನೂ ತೆಳ್ಳಗೆ ಮಾಡಿತು. ಮೈಯಲ್ಲಿ ಎಷ್ಟೇ ಗಂಟುಗಳಿರಲಿ, ಐದನ್ನು ಆರಿಸು, ಒಂದು ಅಂಗದಲ್ಲಿ ಎರಡಕ್ಕಿಂತ ಹೆಚ್ಚು ಬೇಡ.

ಇಷ್ಟು ಬರಿದಾದ ಗೆರೆಯಿಂದ ಏನು ಗೊತ್ತಾದೀತು ಎಂದು ಕೇಳಬೇಡಿ. ಕಟ್ಟೆಗೆ ಬಂದವರಿಗೆ ನಾನು ಲೆಕ್ಕ ಬಿಡಿಸಿ ತೋರಿಸುವುದು ಇಲ್ಲೇ. ರಿಪೋರ್ಟಿನಲ್ಲಿ 40 ಮಿಲಿಮೀಟರ್ ಇದ್ದದ್ದು 28 ಆಗಿದೆ ಎನ್ನಿ. "ಬರೇ ಹನ್ನೆರಡ ಏನ್ರಿ?" ಎಂದು ಮುಖ ಸಪ್ಪಗಾಗುತ್ತದೆ. ಆಗ ನೆರವಿಗೆ ಬರುವವನು ಭಾಸ್ಕರಾಚಾರ್ಯ. ಅವನ ಊರಾದ ವಿಜ್ಜಳವಿಡದ ಜಾಗ ಯಾವುದೆಂದು ವಿದ್ವಾಂಸರು ಜಗಳಾಡಲಿ, ಅವನು ಹನ್ನೆರಡನೆಯ ಶತಮಾನದಲ್ಲೇ ಲೀಲಾವತಿಯಲ್ಲಿ ಗೋಲದ ಲೆಕ್ಕ ಇಟ್ಟುಹೋಗಿದ್ದಾನೆ: ವೃತ್ತದ ಕ್ಷೇತ್ರಫಲದ ನಾಲ್ಕರಷ್ಟು ಗೋಲದ ಮೈ, ಆ ಮೈಯನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸಿದರೆ ಗೋಲದ ಘನಫಲ. ಹಾಗೆ ಮಾಡಿದರೆ 40 ಮಿಲಿಮೀಟರಿನ ಗುಂಡಗಿನ ಗಂಟು 33.5 ಘನ ಸೆಂಟಿಮೀಟರ್. 28 ಮಿಲಿಮೀಟರಿನದು 11.5. ಗೆರೆಯಲ್ಲಿ ಮೂರು ಹತ್ತಾಂಶ ಹೋಯಿತು. ಒಡಲಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು. ಎರಡು ಪಾಲು! ಈ ಮಾತು ಹೇಳುವಾಗ ನಾನು ಬೇಕೆಂದೇ ನಿಧಾನ ಮಾಡುತ್ತೇನೆ. ಘನವೆಂಬುದು ಎಷ್ಟು ಉದಾರಿ ಎಂದು ತರಗತಿಯಲ್ಲಿ ಎಷ್ಟು ಹೇಳಿದರೂ ತಾಗುತ್ತಿರಲಿಲ್ಲ. ಕಟ್ಟೆಯ ಮೇಲೆ ಒಂದೇ ಸಲಕ್ಕೆ ತಾಗುತ್ತದೆ.

ಆದರೆ ಗಂಟು ಗೋಲವಾಗಿರುವುದು ಅಪರೂಪ. ಹೆಚ್ಚಾಗಿ ಒಂದು ಕಡೆ ನೀಳ, ಒಂದು ಕಡೆ ಮೊಟಕು. ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಆಯತವೃತ್ತದ, ಅಂದರೆ ದೀರ್ಘವೃತ್ತದ, ಸುತ್ತಳತೆ ಹುಡುಕಲು ಹೊರಟವನು. ನಮ್ಮ ಪ್ರಾಚೀನ ಗಣಿತಜ್ಞರಲ್ಲಿ ಆ ಆಕಾರಕ್ಕೆ ಕೈಹಾಕಿದವರು ಬೇರೆ ಇಲ್ಲವೆಂಬಷ್ಟು ವಿರಳ. ಇಂದು ಅಲ್ಟ್ರಾಸೌಂಡಿನಲ್ಲಿ ಮೂರು ಅಡ್ಡಳತೆಗಳನ್ನು ಹಿಡಿದು, ಗುಣಿಸಿ, ಆ ಗುಣಲಬ್ಧದ ಅರ್ಧಕ್ಕಿಂತ ಚೂರು ಹೆಚ್ಚನ್ನು ಗಂಟಿನ ಘನಫಲವೆಂದು ಬರೆಯುತ್ತಾರಲ್ಲ, ಅದು ಆ ಆಯತವೃತ್ತವೇ ಮೈತುಂಬಿಕೊಂಡು ನಿಂತದ್ದು.

ರೆಸಿಸ್ಟ್‌ನ ಒಳಗೆ ಆಕಾರಜ್ಞಾನದ ಒಂದು ಪುಟ್ಟ ರತ್ನವೂ ಹುದುಗಿದೆ. ಎಲ್ಲ ಗಂಟುಗಳಿಗೂ ಉದ್ದದ ಅಡ್ಡಳತೆ ಹಿಡಿ ಎನ್ನುವ ನಿಯಮ, ದುಗ್ಧಗ್ರಂಥಿಯ ಹತ್ತಿರ ಬಂದ ಕೂಡಲೇ ಮನಸ್ಸು ಬದಲಿಸುತ್ತದೆ. 2009ರ ಆವೃತ್ತಿಯಲ್ಲಿ ಅಲ್ಲಿ ಗಿಡ್ಡ ಅಡ್ಡಳತೆಯೇ ಪ್ರಮಾಣ. ಏಕೆಂದರೆ ಕುತ್ತಿಗೆಯ, ಕಂಕುಳಿನ ಈ ಗ್ರಂಥಿಗಳು ಆರೋಗ್ಯವಂತರಲ್ಲೂ ಇರುತ್ತವೆ, ಚಪ್ಪಟೆಯಾಗಿ ನೀಳವಾಗಿ. ರೋಗ ಹೊಕ್ಕಾಗ ಅವು ಉದ್ದವಾಗುವುದಕ್ಕಿಂತ ಹೆಚ್ಚಾಗಿ ಉಬ್ಬುತ್ತವೆ. ನಡು ದಪ್ಪವಾಗಿ ದುಂಡಗಾಗುತ್ತವೆ. ಅಳೆಯಬೇಕಾದದ್ದು ಆ ನಡುವನ್ನು. 15 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಅಳೆಯತಕ್ಕದ್ದು, 10ಕ್ಕಿಂತ ಕೆಳಗಿಳಿದರೆ ಅದು ಮರಳಿ ಸಹಜ. ಗಂಟು ಪೂರ್ತಿ ಮಾಯವಾಗದೆಯೂ ರೋಗಿ ಗೆದ್ದಿರಬಹುದು, ಏಕೆಂದರೆ ಗ್ರಂಥಿ ಇರುವುದೇ ಅದರ ಧರ್ಮ. ಯಾರೋ ಒಬ್ಬ ಸೂಕ್ಷ್ಮಮತಿ ನಿಯಮ ಬರೆದ ಕೋಣೆಯಲ್ಲಿ ಕೂತು ಈ ಮಾತು ಎತ್ತಿರಬೇಕು, ಉಳಿದವರು ತಲೆದೂಗಿರಬೇಕು ಎಂದು ನಾನು ಊಹಿಸಿ ಸುಖಿಸುತ್ತೇನೆ.

ಇನ್ನು ಚಿತ್ರದ ಮಾತು. ಸಿಟಿ ಯಂತ್ರ ಮೊದಲ ರೋಗಿಯ ತಲೆಯೊಳಗನ್ನು ತೋರಿಸಿದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಯಂತ್ರ ಕಟ್ಟಿದವನು ಹೌನ್ಸ್‌ಫೀಲ್ಡ್. ಅದೇ 1971ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವಭೌತ ವಿಭಾಗ ಕಟ್ಟಿದ ಜಿ.ಎನ್. ರಾಮಚಂದ್ರನ್, ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಒಂದು ಲೇಖನ ಪ್ರಕಟಿಸಿದರು. ಸುತ್ತಲಿಂದ ಹಿಡಿದ ನೆರಳುಗಳಿಂದ ಒಳಗಿನ ಆಕೃತಿಯನ್ನು ಮರಳಿ ಕಟ್ಟುವುದು ಹೇಗೆ ಎಂಬುದು ಅದರ ವಿಷಯ. ನೆರಳುಗಳನ್ನು ಸುಮ್ಮನೆ ಹಿಂದಕ್ಕೆ ಹರಡಿದರೆ ಆಕೃತಿ ಮಸುಕಾಗುತ್ತದೆ. ಹರಡುವ ಮೊದಲೇ ಪ್ರತಿ ನೆರಳಿನ ಅಂಚನ್ನು ತಕ್ಕ ಲೆಕ್ಕದಿಂದ ಮೊನಚು ಮಾಡಿದರೆ ಚಿತ್ರ ಸ್ವಚ್ಛ, ಲೆಕ್ಕವೂ ಹಗುರ. ಮುಂದೆ ದಶಕಗಳ ಕಾಲ ಸಿಟಿ ಯಂತ್ರಗಳು ನಡೆದದ್ದು ಈ ಬಗೆಯ ಹಾದಿಯಲ್ಲಿ. ಹುಬ್ಬಳ್ಳಿಯ ಸ್ಕ್ಯಾನ್ ಸೆಂಟರಿನ ಬೆಂಚಿನ ಮೇಲೆ ಸರದಿಗೆ ಕಾಯುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಹೇಳಬೇಕು.

ಸಿಟಿ ಕೊಡುವುದು ಹೋಳುಗಳನ್ನು. ಒಂದೊಂದು ಹೋಳೂ 512 ಅಡ್ಡ, 512 ಉದ್ದದ ಚೌಕಗಳ ಹಾಸು, ಎರಡೂವರೆ ಲಕ್ಷಕ್ಕೂ ಮೀರಿದ ಚುಕ್ಕೆಗಳು. ಕರೆಂಟ್ ಕೊಡುವ ಮೊದಲು ವೈದ್ಯರು ಪರದೆಯ ಮುಂದೆ ಕೂತು ಒಂದೊಂದೇ ಹೋಳಿನಲ್ಲಿ ಗಂಟಿನ ಅಂಚನ್ನು ಮೌಸಿನಿಂದ ಗೆರೆಯೆಳೆದು ಬಿಡಿಸುತ್ತಾರೆ. ಇಲ್ಲಿ ರಕ್ತನಾಳ, ಅದನ್ನು ಬಿಡು. ಇಲ್ಲಿ ಬಾವು, ಗಂಟಲ್ಲ. ಇಲ್ಲಿ ಬೂದು ಬಣ್ಣ ಕೂದಲೆಳೆಯಷ್ಟು ಕಪ್ಪೇರಿದೆ, ಇದು ಒಳಗೆ ಸೇರಲಿ. ಈ ಕೆಲಸ ನೋಡುವ ಭಾಗ್ಯ ನನಗೆ ಸಿಕ್ಕಿತ್ತು. ಅಂಚು ಸ್ಪಷ್ಟವಿದ್ದಲ್ಲಿ ಕೈ ಸರಾಗ ಓಡುತ್ತದೆ. ಸಂಶಯವಿದ್ದಲ್ಲಿ ನಿಲ್ಲುತ್ತದೆ, ಮೇಲಿನ ಹೋಳಿಗೆ ಹೋಗುತ್ತದೆ, ಕೆಳಗಿನದಕ್ಕೆ ಬರುತ್ತದೆ, ಮತ್ತೆ ಅಲ್ಲೇ ಬಂದು ಅರ್ಧ ಮಿಲಿಮೀಟರ್ ಒಳಕ್ಕೆ ಸರಿಯುತ್ತದೆ. ಒಂದೂ ಮಾತಿಲ್ಲದ ಆ ತಡಕಾಟದಲ್ಲಿ ವರ್ಷಗಳ ಅನುಭವ ತೇಲುತ್ತಿರುತ್ತದೆ.

ಎಲ್ಲ ಹೋಳುಗಳ ಗೆರೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಗಂಟು ಮೈದಳೆಯುತ್ತದೆ, ಮತ್ತು ಅಲ್ಲೇ ಒಂದು ಸೊಗಸಾದ ತೊಡಕು ಎದುರಾಗುತ್ತದೆ. ನಮ್ಮ ನವಲಗುಂದದ ಜಮಖಾನೆಯನ್ನು ದೂರದಿಂದ ನೋಡಿದರೆ ಓರೆ ಗೆರೆ ನುಣ್ಣಗೆ ಹರಿದಂತಿರುತ್ತದೆ. ಹತ್ತಿರ ಬಂದು ಬೆರಳಾಡಿಸಿದರೆ ಅದು ನೂಲೆಣಿಸಿ ಹೆಂಗಸರು ನೇಯ್ದ ಮೆಟ್ಟಿಲುಗಳ ಸಾಲು. ಸ್ಕ್ಯಾನಿನ ಚಿತ್ರವೂ ಹಾಗೆಯೇ. ಮೆಟ್ಟಿಲಿನ ಅಂಚನ್ನೇ ನಂಬಿ ವೃತ್ತದ ಸುತ್ತಳತೆ ಎಣಿಸಿದರೆ, ವ್ಯಾಸದ ಮೂರು ಪಟ್ಟಿಗೂ ತುಸು ಹೆಚ್ಚು ಬರಬೇಕಾದಲ್ಲಿ ಸರಿಯಾಗಿ ನಾಲ್ಕು ಪಟ್ಟು ಬರುತ್ತದೆ. ಚೌಕಗಳನ್ನು ಎಷ್ಟೇ ಸಣ್ಣದು ಮಾಡಿ, ನಾಲ್ಕೇ! ಗೋಲದ ಮೈಯಾದರೆ ಒಂದೂವರೆ ಪಟ್ಟು ಉಬ್ಬುತ್ತದೆ. ಸೂಕ್ಷ್ಮತೆ ಹೆಚ್ಚಿದಷ್ಟೂ ಸತ್ಯಕ್ಕೆ ಹತ್ತಿರವಾಗುತ್ತೇವೆ ಎಂಬ ನಮ್ಮ ನಂಬಿಕೆಗೆ ಇಂಥ ಮುದ್ದಾದ ಪೆಟ್ಟು ಬೇರೆ ಕಂಡಿಲ್ಲ. ಅದಕ್ಕಾಗಿಯೇ ಮೆಟ್ಟಿಲುಗಳ ಮೇಲೆ ಸಣ್ಣ ಸಣ್ಣ ತ್ರಿಕೋನಗಳ ಜಾಲ ಹೊದಿಸಿ ಮೈಯನ್ನು ನುಣುಪಾಗಿಸುತ್ತಾರೆ. ಲೊರೆನ್ಸನ್ ಮತ್ತು ಕ್ಲೈನ್ 1987ರಲ್ಲಿ ತೋರಿಸಿದ ವಿದ್ಯೆ ಅದು.

ಮೈಯ ಅಳತೆ ಇಷ್ಟು ಜತನದಿಂದ ಬೇಕಾದದ್ದು ಏಕೆಂದರೆ, ಆಕಾರದ ಗುಟ್ಟಿರುವುದು ಮೈಗೂ ಒಡಲಿಗೂ ಇರುವ ನಂಟಿನಲ್ಲಿ. ಒಂದೇ ಘನಫಲ ಇಟ್ಟುಕೊಂಡು ಅತಿ ಕಡಿಮೆ ಮೈಯಲ್ಲಿ ಅಡಕವಾಗಬಲ್ಲದ್ದು ಗೋಲ. ಆದ್ದರಿಂದ ಗಂಟಿನಷ್ಟೇ ಘನಫಲದ ಗೋಲದ ಮೈಯನ್ನು ಗಂಟಿನ ನಿಜವಾದ ಮೈಯಿಂದ ಭಾಗಿಸು: ಪೂರ್ಣ ಗೋಲಕ್ಕೆ 1, ಘನಾಕೃತಿಗೆ ಸುಮಾರು 0.81, ಕೈಕಾಲು ಚಾಚಿದ ಮುಳ್ಳುಮುಳ್ಳಾದ ಗಂಟಿಗೆ ಇನ್ನೂ ಕಡಿಮೆ. ಗೋಲತ್ವದ ಈ ಅಳತೆಯನ್ನು 1930ರ ದಶಕದಲ್ಲಿ ಹೊಸೆದವನು ವೇಡೆಲ್ ಎಂಬ ಭೂವಿಜ್ಞಾನಿ, ಮರಳಿನ ಹರಳುಗಳು ಎಷ್ಟು ದುಂಡಗಿವೆಯೆಂದು ತಿಳಿಯಲು. ನದಿಯ ಮರಳಿಗೆಂದು ಹುಟ್ಟಿದ ಸೂತ್ರ ಇವತ್ತು ಶ್ವಾಸಕೋಶದ ಗಂಟಿಗೆ ಕೆಲಸ ಮಾಡುತ್ತದೆ. ಗಣಿತಕ್ಕೆ ಜಾತಿಯಿಲ್ಲ ಎಂದು ನಾನು ಹುಡುಗರಿಗೆ ಹೇಳುತ್ತಿದ್ದುದು ಇದನ್ನೇ. (ಇದೇ ದಾರಿಯಲ್ಲಿ ಮುಂದೆ ಹೋಗಿ ಒಂದು ಗಂಟಿನಿಂದ ನೂರಾರು ಸಂಖ್ಯೆಗಳನ್ನು ಹಿಂಡುವ ರೇಡಿಯೋಮಿಕ್ಸ್ ಎಂಬ ಶಾಸ್ತ್ರ ಈಚೆಗೆ ಬೆಳೆದಿದೆ. ನನಗೆ ಅದು ಅಷ್ಟಾಗಿ ರುಚಿಸಿಲ್ಲ. ಅರ್ಥ ಹೇಳಬಲ್ಲ ಒಂದು ಸಂಖ್ಯೆ, ಅರ್ಥ ಗೊತ್ತಿಲ್ಲದ ನೂರಕ್ಕಿಂತ ಹೆಚ್ಚು ತೂಗುತ್ತದೆ.)

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ: ಕರಗುವ ನಡೆ. ಎಲ್ಲ ಗಂಟುಗಳೂ ಒಂದೇ ಥರ ಕರಗುವುದಿಲ್ಲ. ಬಾಯಿ, ಗಂಟಲಿನ ಕ್ಯಾನ್ಸರನ್ನು ತಗೊಳ್ಳಿ; ತಂಬಾಕು, ಗುಟ್ಕಾಗಳ ದೆಸೆಯಿಂದ ನಮ್ಮ ಕಡೆ ಮನೆಮಾತಾದ ರೋಗವದು. ಅಮೆರಿಕದ ಎಂ.ಡಿ. ಆಂಡರ್ಸನ್ ಕೇಂದ್ರದಲ್ಲಿ ಕರೆಂಟ್ ಕೊಡುವ ಕೋಣೆಯೊಳಗೇ ಸಿಟಿ ಯಂತ್ರ ಇಟ್ಟು, ಹದಿನಾಲ್ಕು ರೋಗಿಗಳ ತಲೆ–ಕುತ್ತಿಗೆಯ ಗಂಟುಗಳನ್ನು ಚಿಕಿತ್ಸೆಯ ನಡುನಡುವೆಯೇ ಮತ್ತೆ ಮತ್ತೆ ಅಳೆದರು. 2004ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಚಿಕಿತ್ಸೆಯ ಒಂದೊಂದು ದಿನಕ್ಕೆ, ಮಧ್ಯಾಂಕ ಹಿಡಿದರೆ, ಮೊದಲ ಘನಫಲದ ನೂರಕ್ಕೆ 1.8ರಷ್ಟು ಇಳಿಕೆ. ಇದಕ್ಕಿಂತ ರಸವತ್ತಾದದ್ದು ಮುಂದಿದೆ. ಎಷ್ಟೋ ಗಂಟುಗಳು ಎಲ್ಲ ಕಡೆಯಿಂದ ಸಮವಾಗಿ ಇಳಿಯಲಿಲ್ಲ. ಒಂದು ಬದಿ ಮೊದಲು ಸೋತಿತು, ಇನ್ನೊಂದು ಬದಿ ಅಂಟಿಕೊಂಡು ನಿಂತಿತು, ಗಂಟಿನ ಕೇಂದ್ರವೇ ಜಾಗ ಬದಲಿಸಿತು. ಕರೆಂಟ್ ಕೊಡುವಾಗ ತಲೆ ಅಲುಗದಂತೆ ಹಾಕುವ, ಮೊದಲ ದಿನ ಮುಖದ ಅಚ್ಚಿಗೆ ಬಿಗಿಯಾಗಿ ಕೂತಿದ್ದ ಪ್ಲಾಸ್ಟಿಕ್ಕಿನ ಮುಖವಾಡ ಕೆಲವು ವಾರಗಳಲ್ಲಿ ಸಡಿಲವಾಗುವುದೂ ಈ ಕಾರಣದಿಂದ, ಜೊತೆಗೆ ಮೈ ಇಳಿಯುವುದರಿಂದ. ಆಗ ಮತ್ತೆ ಸ್ಕ್ಯಾನು, ಮತ್ತೆ ಗೆರೆ, ಕಿರಣಗಳಿಗೆ ಹೊಸ ದಿಕ್ಕು. ಆಕಾರ ಬದಲಾದಂತೆ ಚಿಕಿತ್ಸೆಯೂ ಬದಲಾಗುವ ಈ ಜುಗಲ್‌ಬಂದಿ ಕೇಳಿ ತಲೆದೂಗುವಂಥದು.

ಸ್ತನದ ಗಂಟಿನಲ್ಲಿ ನಡೆ ಎರಡು ಬಗೆ. ಶಸ್ತ್ರಕ್ರಿಯೆಗೆ ಮೊದಲೇ ಕಿಮೋ ಕೊಟ್ಟಾಗ ಕೆಲವು ಗಂಟುಗಳು ಸುತ್ತಲಿಂದ ಸಮವಾಗಿ ಒಳಸರಿಯುತ್ತ, ತಮ್ಮ ಆಕಾರ ಬಿಡದೆ, ಅಚ್ಚುಕಟ್ಟಾಗಿ ಚಿಕ್ಕದಾಗುತ್ತವೆ. ಇನ್ನು ಕೆಲವು ಚಿಕ್ಕದಾಗುವುದೇ ಇಲ್ಲ, ಒಡೆಯುತ್ತವೆ. ನಡುನಡುವೆ ಕರಗಿ, ಅಲ್ಲಲ್ಲಿ ದ್ವೀಪಗಳನ್ನು ಉಳಿಸಿ, ಹರಡಿದ ಹರವನ್ನು ಹಾಗೇ ಇಟ್ಟುಕೊಳ್ಳುತ್ತವೆ. ಅಳತೆಪಟ್ಟಿ ಈ ತುದಿಯ ದ್ವೀಪದಿಂದ ಆ ತುದಿಯ ದ್ವೀಪಕ್ಕೆ ಹಿಡಿದರೆ ಉದ್ದ ಮೊದಲಿನಷ್ಟೇ. ಒಡಲು ಮಾತ್ರ ಬಹುಪಾಲು ಬರಿದು. ಗೆರೆ ಸುಳ್ಳಾಡುವುದು ಇಲ್ಲಿ, ಎಂಆರ್‌ಐನಲ್ಲಿ ಹಿಡಿದ ಘನಫಲ ನಿಜ ಹೇಳುವುದು ಇಲ್ಲಿ. 2012ರಲ್ಲಿ ಹೊರಬಂದ ಅಮೆರಿಕದ ಐ-ಸ್ಪೈ ಅಧ್ಯಯನದಲ್ಲಿ, ಕಿಮೋ ಫಲಿಸುವುದೇ ಎಂದು ಮುಂಚಿತವಾಗಿ ಸೂಚಿಸುವುದರಲ್ಲಿ ಎಂಆರ್‌ಐ ಅಳತೆ ಕೈಯ ಅಳತೆಯನ್ನು ಮೀರಿಸಿತು, ಅದರಲ್ಲೂ ಘನಫಲದ ಮೇಲುಗೈ ಚಿಕಿತ್ಸೆಯ ಆರಂಭದಲ್ಲೇ ಹೆಚ್ಚಾಗಿ ಕಂಡಿತು. ಶಸ್ತ್ರವೈದ್ಯರಿಗೂ ಈ ನಡೆ ತಿಳಿದಿರಬೇಕು: ಒಳಸರಿದದ್ದಾದರೆ ಗಂಟಿನಷ್ಟು ಕೊಯ್ದರೆ ಸಾಕಾಗಬಹುದು, ದ್ವೀಪವಾದದ್ದಕ್ಕೆ ಹರವೆಲ್ಲ ನೋಡಬೇಕು. ಗಂಟು ಪೂರ್ತಿ ಕಣ್ಮರೆಯಾದರೆ ಎಲ್ಲಿತ್ತೆಂದೇ ತಿಳಿಯದು ಎಂದು, ಚಿಕಿತ್ಸೆ ಶುರುವಾಗುವ ಮುನ್ನವೇ ಅದರೊಳಗೊಂದು ಲೋಹದ ಪುಟಾಣಿ ಕ್ಲಿಪ್ಪು ಇಟ್ಟಿರುತ್ತಾರೆ. ಮಾಯವಾಗಲಿರುವುದಕ್ಕೆ ಮೊದಲೇ ವಿಳಾಸ ಬರೆದಿಡುವ ಈ ಮುಂದಾಲೋಚನೆಗೆ ನಾನು ಮನಸೋತಿದ್ದೇನೆ.

ಆಕಾರವೂ ಬದಲಾಗದೆ, ಗಾತ್ರವೂ ಇಳಿಯದೆ ಸೋಲುವ ಗಂಟುಗಳೂ ಇವೆ. ಜಠರ, ಕರುಳಿನ ಗೋಡೆಯಲ್ಲಿ ಏಳುವ ಜಿಸ್ಟ್ ಎಂಬ ಗಡ್ಡೆಗೆ ಇಮಾಟಿನಿಬ್ ಮಾತ್ರೆ ಕೊಟ್ಟಾಗ ಹೊರಗಿನ ರೇಖೆ ಹಾಗೇ ಇದ್ದು ಒಳಗೆಲ್ಲ ಮೆತ್ತಗೆ ಲೋಳೆಯಾಗುತ್ತದೆ. ರೆಸಿಸ್ಟ್‌ನ ಗೆರೆ ಅದನ್ನು 'ಬದಲಾವಣೆ ಇಲ್ಲ' ಎಂದು ಬರೆದು ಕೈತೊಳೆದುಕೊಳ್ಳುತ್ತದೆ. 2007ರಲ್ಲಿ ಚೋಯ್ ಮತ್ತು ಸಂಗಡಿಗರು ಬೇರೊಂದು ತಕ್ಕಡಿ ತಂದರು: ಗಾತ್ರ ನೂರಕ್ಕೆ 10 ಇಳಿಯಲಿ, ಅಥವಾ ಸಿಟಿಯಲ್ಲಿ ಕಾಣುವ ಸಾಂದ್ರತೆ ನೂರಕ್ಕೆ 15 ಇಳಿಯಲಿ, ಎರಡರಲ್ಲಿ ಒಂದಾದರೂ ಸಾಕು. ಇಮ್ಯುನೋಥೆರಪಿ ಬಂದ ಮೇಲಂತೂ ಗಂಟು ಮೊದಲು ಉಬ್ಬಿ ಆಮೇಲೆ ಇಳಿಯುವ ವಿಚಿತ್ರವನ್ನೂ ಕಂಡರು. ದೇಹದ ರಕ್ಷಕ ಕಣಗಳೇ ಒಳನುಗ್ಗಿ ದಪ್ಪ ಮಾಡಿರುತ್ತವೆ. ಹಾಗಾಗಿ 2017ರ ನಿಯಮ ಅಂಥಲ್ಲಿ ಅವಸರದ ತೀರ್ಪು ಬೇಡ, ನಾಲ್ಕರಿಂದ ಎಂಟು ವಾರ ಬಿಟ್ಟು ಇನ್ನೊಮ್ಮೆ ಅಳೆ ಎನ್ನುತ್ತದೆ. ಉಬ್ಬಿದ್ದೆಲ್ಲ ಹೀಗೆ ಇಳಿಯುವುದಿಲ್ಲ, ನಿಜವಾಗಿ ಬೆಳೆದದ್ದೇ ಹೆಚ್ಚು. ಆದರೂ ಕಾದು ನೋಡುವುದನ್ನು ಲಿಖಿತ ನಿಯಮವಾಗಿಸಿದ ಶಾಸ್ತ್ರವನ್ನು ಗೌರವಿಸದೆ ಇರಲಾರೆ.

ಇದನ್ನೆಲ್ಲ ಓದಿದ ನಮ್ಮ ಊರ ಕಡೆಯವರಿಗೆ ಒಂದೇ ವಿನಂತಿ. ಚಿಕಿತ್ಸೆ ಶುರುವಾಗುವ ಮುಂಚಿನ ನಾಲ್ಕು ವಾರಗಳೊಳಗೆ ತೆಗೆದ ಸ್ಕ್ಯಾನೇ ಇಳಿಕೆಯ ಲೆಕ್ಕಕ್ಕೆ ಬುಡ. ಏರಿಕೆಯ ಲೆಕ್ಕ ಹಿಡಿಯುವುದು ನಡುವೆ ಗಂಟು ಅತಿ ಚಿಕ್ಕದಾಗಿದ್ದ ದಿನದ ಸ್ಕ್ಯಾನಿನಿಂದ. ಯಾವುದು ಅತಿ ಚಿಕ್ಕದೆಂದು ಆ ದಿನ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಒಂದನ್ನೂ ಬಿಸಾಡಬೇಡಿ. ಫಿಲ್ಮು, ಸಿಡಿ, ರಿಪೋರ್ಟು ಎಲ್ಲವನ್ನೂ ತಾರೀಖು ಬರೆದು, ತೇವ ತಾಗದಂತೆ ಟ್ರಂಕಿನಲ್ಲಿಡಿ. ಆದಷ್ಟೂ ಒಂದೇ ಕಡೆ, ಒಂದೇ ಬಗೆಯ ಯಂತ್ರದಲ್ಲಿ ತೆಗೆಸಿ. ಮುಂದಿನ ಸಲ ನವನಗರಕ್ಕೆ ಹೋಗುವಾಗ ಹಳೆಯವನ್ನೆಲ್ಲ ಜೊತೆಗೆ ಒಯ್ಯಿರಿ.